ಚಂದ್ರನ ಮಣ್ಣಿಗೆ ನಮ್ಮ ಕಡೆ ಯಾವ ಮಣ್ಣು ಹತ್ರ ಆಗ್ತೈತಿ? ಮಗಳ ಪ್ರದರ್ಶನಕ್ಕ ಬೇಕಾಗೇತಿ

ಅಣ್ಣಿಗೇರಿ_ಎರಿಹೊಲ
ಎಲ್ಲಾರಿಗೂ ಶರಣು. ಮಗಳು ಎಂಟನೇತ್ತೆ ಓದ್ತಾಳ, ಹುಬ್ಬಳ್ಳ್ಯಾಗ. ಮುಂದಿನ ತಿಂಗಳ ಸಾಲ್ಯಾಗ ವಿಜ್ಞಾನ ವಸ್ತು ಪ್ರದರ್ಶನ ಐತಿ. ಅಕಿ ಆರಿಸ್ಕೊಂಡ ವಿಷಯ "ಚಂದ್ರನ ಮಣ್ಣಿನಿಂದ ಚಂದ್ರನ ಮ್ಯಾಲೆ ಮನಿ". ಮಣ್ಣಿಗೆ ಏನ್ ಬರ ಬಿಡು, ಅಣ್ಣಿಗೇರಿ ಹೊಲದಿಂದ ಒಂದು ಚೀಲ ಎರಿ ತರ್ತೀನಿ, ಮಣ್ಣೆತ್ತು ಮಾಡಿದಂಗ ಮನಿ ಮಾಡಿಬಿಡು ಅಂದೆ. "ಅಪ್ಪಾ, ಚಂದ್ರನ್ಯಾಗ ಎರಿ ಇರೂದಿಲ್ಲ" ಅಂತ ನಕ್ಕಳು. ಹಂಗಾರ ಏನಿರ್ತೈತಿ ಅಂದ್ರ ಅಕಿಗೂ ಸರಿಯಾಗಿ ಹೇಳಾಕ ಬರ್ಲಿಲ್ಲ.

ಎರಡು ಮಾತು ಕೇಳೂದೈತಿ. ಒಂದು, ಹುಬ್ಬಳ್ಳಿ-ಧಾರವಾಡ-ಗದಗ ಸುತ್ತ ಸಿಗೂ ಯಾವ ಮಣ್ಣು ಅದಕ್ಕ ಹತ್ರ? ಎರಡು, ಈ ಕೆಲಸ ಖರೇನ ನಡದೈತೇನು, ಇಲ್ಲಾ ಪೇಪರಿನ್ಯಾಗಿನ ಮಾತೋ? ನಮ್ಮ ತಮ್ಮ ಹೊಲಾ ಮಾಡ್ತಾನ. ಅಂವ ಅಂತಾನ, ಇಲ್ಲಿ ಹೊಲಕ್ಕ ತಿಪ್ಪಿ ಗೊಬ್ಬರ ಹೇರಾಕ ಟ್ರ್ಯಾಕ್ಟರ್ ಬಾಡಗಿಗೆ ರೊಕ್ಕಿಲ್ಲ, ಅಲ್ಲಿ ಮಣ್ಣಿಗೆ ಕೋಟಿ ಸುರೀತಾರಂತ.

ಟೋಲನಾಕಾ
ಹುಬ್ಬಳ್ಳ್ಯಾಗ ಇದ್ದು ಧೂಳ ಎಲ್ಲಿ ಸಿಗ್ತೈತಿ ಅಂತ ಕೇಳಾವ್ರು ನೀವೊಬ್ರ ನೋಡ್ರಿ. ಕಿಟಕಿ ಒಂದು ತಾಸು ತಗದಿಡ್ರಿ, ಚೀಲ ತುಂಬತೈತಿ.

ಮಣ್ಣುಪರೀಕ್ಷೆ_ಅಕ್ಕ
ನಿಮ್ಮ ಮಗಳು ಹೇಳಿದ್ದು ಸರಿ. ಎರಿ ಬೇಡವೇ ಬೇಡ. ಎರಿಯ ಗುಣವೆಲ್ಲ ನೀರಿನಿಂದ ಬಂದದ್ದು. ಕಲ್ಲು ಸಾವಿರಾರು ವರ್ಷ ಮಳೆಗೆ ನೆನೆದು ಕರಗಿ ಜೇಡಿಯಾಗಿದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅಣ್ಣಿಗೇರಿಯವರಿಗೆ ಇದನ್ನು ನಾನು ಹೇಳಬೇಕಿಲ್ಲ.

ಚಂದ್ರನಲ್ಲಿ ಮಳೆ ಇಲ್ಲ, ಗಾಳಿ ಇಲ್ಲ, ಬೇರಿಲ್ಲ, ಎರೆಹುಳು ಇಲ್ಲ. ಅಲ್ಲಿರುವುದು ಕೋಟ್ಯಂತರ ವರ್ಷ ಉಲ್ಕೆಗಳು ದೊಡ್ಡವು ಸಣ್ಣವು ಎನ್ನದೆ ಬಡಿದು ಬಡಿದು ಆದ ಪುಡಿ. ಬಡಿತದ ಕಾವಿಗೆ ಕರಗಿ, ಗಾಜಾಗಿ, ಒಂದಕ್ಕೊಂದು ಅಂಟಿದ ಕಣಗಳೂ ಅದರಲ್ಲಿವೆ. ಹೊಳೆ ಉಸುಕಿನ ಹಾಗೆ ಉರುಳಿ ದುಂಡಗಾಗಿಲ್ಲ, ಒಡೆದ ಬಾಟಲಿಯ ಚೂರಿನ ಹಾಗೆ ಮೊನೆ ಮೊನೆ. ಸಾವಯವ ಇಂಗಾಲ ಸೊನ್ನೆ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಅಂಥ ಮಾದರಿ ನನ್ನ ಟೇಬಲ್ಲಿಗೆ ಬಂದಿದ್ದರೆ ಮಣ್ಣು ತನ್ನಿ ಎಂದು ರೈತನನ್ನು ವಾಪಸ್ ಕಳಿಸುತ್ತಿದ್ದೆ. ವಿಜ್ಞಾನಿಗಳು ಅದಕ್ಕೆ ರೆಗೊಲಿತ್ ಎನ್ನುತ್ತಾರೆ.

ಗದಗ_ಬೆಟಗೇರಿ
ರೆಗೊಲಿತ್ ಯಾಕ ಅಕ್ಕಾರ, ನಮ್ಮಲ್ಲಿ ಚಂದ ಶಬ್ದ ಐತೆಲ್ಲ, ಗರಸು ಅನ್ರಿ.

ಮಣ್ಣುಪರೀಕ್ಷೆ_ಅಕ್ಕ
ಗರಸೂ ನೀರು ಕಂಡದ್ದೇ ಅಲ್ಲವೇ? ಅದರಲ್ಲಿನ ಕೆಂಪು ಯಾವುದರದ್ದು ಅಂದುಕೊಂಡಿರಿ, ಕಬ್ಬಿಣ ತುಕ್ಕು ಹಿಡಿದದ್ದು.

ಗದಗ_ಬೆಟಗೇರಿ
ಹಂಗಾರ "ನೀರ ಕಾಣದ ಗರಸು". ಆತು?

ಕರಿಕಲ್ಲು
ಮಾದರಿಗೆ ಸರಿಯಾದದ್ದು ಕ್ರಷರ್ ಪುಡಿ. ಕಲ್ಲು ಈಗಷ್ಟೇ ಒಡೆದಿರುತ್ತದೆ, ಮಳೆ ತಾಗಿರುವುದಿಲ್ಲ, ಕಣದ ಮೊನೆ ಹಾಗೇ ಇರುತ್ತದೆ. ಜಲ್ಲಿ ಬೇಡ, ಹಿಟ್ಟಿನಂಥ ಪುಡಿ ತನ್ನಿ, ಜರಡಿ ಹಿಡಿಯಿರಿ. ಕಪ್ಪು ಕಲ್ಲಿನದ್ದಾದರೆ ಚಂದ್ರನ ಕಪ್ಪು ಬಯಲುಗಳಿಗೆ ಹತ್ತಿರ, ಅವು ಬಸಾಲ್ಟ್, ಲಾವಾ ಆರಿ ಆದ ಕಲ್ಲು. ಬಿಳುಪಾಗಿ ಕಾಣುವ ಎತ್ತರದ ಪ್ರದೇಶ ಅನಾರ್ಥೊಸೈಟ್ ಎಂಬ ಬೇರೆ ಜಾತಿಯ ಕಲ್ಲು. ನಮ್ಮ ಇಸ್ರೋದವರು ಚಂದ್ರಯಾನಕ್ಕೆ ಅಣಕು ಮಣ್ಣು ಬೇಕಾದಾಗ ತಮಿಳುನಾಡಿನ ನಾಮಕ್ಕಲ್ ಕಡೆಯ ಸಿತ್ತಂಪೂಂಡಿಯಿಂದ ಅನಾರ್ಥೊಸೈಟ್ ತಂದು ಅರೆದರು. ಅದರ ಮೇಲೆ ಲ್ಯಾಂಡರಿನ ಕಾಲು, ರೋವರಿನ ಗಾಲಿ ಎಲ್ಲ ಪರೀಕ್ಷೆ ಮಾಡಿದರು. 2020ರಲ್ಲಿ ಆ ಮಣ್ಣಿಗೆ ಪೇಟೆಂಟ್ ಕೂಡ ಸಿಕ್ಕಿತು.

ಟೋಲನಾಕಾ
ನಮ್ಮ ಎರಿನೂ ಬಸಾಲ್ಟಿಂದ ಆಗಿದ್ದ ಅಲ್ಲೇನ್ರಿ? ಸಾಲ್ಯಾಗ ಹಂಗ ಕಲಿಸಿದ್ರು.

ಕರಿಕಲ್ಲು
ಬಿಜಾಪುರ ಕಡೆ ಹೋದರೆ ಹೌದು, ಅಲ್ಲಿ ದಖನ್ನಿನ ಲಾವಾ. ಧಾರವಾಡ-ಗದಗದ ಬಹುಪಾಲು ಎರಿಯ ಕೆಳಗೆ ಸಿಸ್ಟ್ ಶಿಲೆ ಇದೆ, ಅದು ಎಷ್ಟೋ ಹಳೆಯದು. ಭೂವಿಜ್ಞಾನದವರು ಈ ಇಡೀ ಶಿಲಾಖಂಡಕ್ಕೇ "ಧಾರವಾಡ್ ಕ್ರೇಟಾನ್" ಎನ್ನುತ್ತಾರೆ. ನಮ್ಮೂರ ಹೆಸರು ಪೇಢೆಯಿಂದ ಮಾತ್ರ ಲೋಕಕ್ಕೆ ಗೊತ್ತು ಅಂದುಕೊಳ್ಳಬೇಡಿ. ಈ ಸಿಸ್ಟ್ 250 ಕೋಟಿ ವರ್ಷಕ್ಕೂ ಹಳೆಯದು. ಚೀನಾದ ಛಾಂಗ್'ಎ-5 ನೌಕೆ 2020ರಲ್ಲಿ ಚಂದ್ರನಿಂದ 1,731 ಗ್ರಾಂ ತಂದಿತಲ್ಲ, ಅದರಲ್ಲಿದ್ದ ಬಸಾಲ್ಟಿಗೆ ಸುಮಾರು 200 ಕೋಟಿ ವರ್ಷ.

ಗದಗ_ಬೆಟಗೇರಿ
ಅಂದ್ರ ಚಂದ್ರನ ಆ ಕಲ್ಲಿಗಿಂತ ನಮ್ಮ ಕಲ್ಲು ಹಿರೇದು! ಇದನ್ನ ಪ್ರದರ್ಶನದಾಗ ದೊಡ್ಡ ಅಕ್ಷರದಾಗ ಬರೀರಿ.

ಬ್ಯಾಡಗಿ_ಖಾರ
ಅಣ್ಣಾರ ಕೇಳಿದ ಎರಡನೇ ಪ್ರಶ್ನೆಕ್ಕ ಯಾರೂ ಉತ್ತರಾನ ಕೊಡ್ಲಿಲ್ಲ. ನಾ ಕೊಡ್ತೀನಿ. ಸುಳ್ಳ. ಅಮೆರಿಕದ ಅಪೊಲೊದವ್ರು ಚಂದ್ರಗ ಆರು ಸಲ ಹೋಗಿ ತಂದಿದ್ದು ಒಟ್ಟ 382 ಕೆಜಿ. ನಮ್ಮ ಎಪಿಎಂಸ್ಯಾಗ ಒಬ್ಬ ರೈತ ಒಂದ ದಿನಕ್ಕ ಅದಕ್ಕಿಂತ ಹೆಚ್ಚ ಮೆಣಸಿನಕಾಯಿ ಇಳಸ್ತಾನ. ಇಷ್ಟರ ಮ್ಯಾಲೆ ಮನಿ ಕಟ್ತೀವಿ, ಗಣಿ ತಗೀತೀವಿ ಅಂತಾರ.

ರಾತ್ರಿ_ದುರ್ಬೀನು
ಖಾರದವರೇ, ಅಲ್ಲೇ ತಪ್ಪಿದ್ರಿ. ಇಲ್ಲಿಗೆ ತರೂ ಮಾತ ಅಲ್ಲ ಇದು, ಇಲ್ಲಿಂದ ಒಯ್ಯೂದನ್ನ ತಪ್ಪಸೂ ಮಾತು. ಜಾತ್ರಿಗೆ ಚಕ್ಕಡಿ ಕಟ್ಟಿದಾಗ ಎತ್ತಿನ ಮೇವೂ ಚಕ್ಕಡ್ಯಾಗ ಹೇರ್ತೀವಿ. ಹಾದಿಯೊಳಗ ಮೇವು ಸಿಗೂದಿಲ್ಲ ಅಂದ್ರ ಅರ್ಧ ಚಕ್ಕಡಿ ಮೇವ ಆಗ್ತದ. ರಾಕೆಟ್ಟಿನ ಪಾಡು ಅದಕ್ಕಿಂತ ಕೆಟ್ಟ. ಹೊರಡೂ ಮುಂದ ಅದರ ತೂಕದಾಗ ಹತ್ತರಾಗ ಒಂಬತ್ತು ಪಾಲು ಇಂಧನಾನ ಇರ್ತದ.

ಈಗ ಲೆಕ್ಕ ನೋಡ್ರಿ. ಚಂದ್ರನ ಪುಡಿಯೊಳಗ ತೂಕದ 100ಕ್ಕ 40-45 ಪಾಲು ಆಮ್ಲಜನಕ. ಗಾಳಿಯಾಗಿ ಅಲ್ಲ, ಸಿಲಿಕಾನ್, ಕಬ್ಬಿಣ, ಅಲ್ಯುಮಿನಿಯಂ ಜೋಡಿ ಗಟ್ಟಿಯಾಗಿ ಕೂತಿರ್ತದ. ಒಬ್ಬ ಮನುಷ್ಯಾಗ ದಿನಕ್ಕ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಪೂರಾ ತಗದ್ರ ಎರಡು ಕೆಜಿ ಪುಡಿ ಸಾಕು. ಪೂರಾ ತಗ್ಯಾಕ ಆಗೂದಿಲ್ಲ ಅನ್ನೂದು ಬ್ಯಾರೆ ಮಾತು. ಆದ್ರ ಉಸಿರಾಟ ಸಣ್ಣ ಗಿರಾಕಿ. ದೊಡ್ಡ ಗಿರಾಕಿ ರಾಕೆಟ್ಟು. ಹೈಡ್ರೋಜನ್ ಸುಡೂ ಎಂಜಿನ್ನಿಗೆ ಒಂದು ಕೆಜಿ ಹೈಡ್ರೋಜನ್ನಿಗೆ ಸುಮಾರು ಆರು ಕೆಜಿ ಆಮ್ಲಜನಕ ಬೇಕು. ಆ ಆರು ಕೆಜಿ ಅಲ್ಲೇ ಸಿಕ್ರ ಎಷ್ಟು ಹೊರಿ ಇಳೀತು ಹೇಳ್ರಿ?

ಬ್ಯಾಡಗಿ_ಖಾರ
ತಗಿಯೂದು ಹೆಂಗ? ಕಲ್ಲ ಹಿಂಡಿದ್ರ ಗಾಳಿ ಬರ್ತೈತೇನು?

ರಾತ್ರಿ_ದುರ್ಬೀನು
ಹಿಂಡೂದಿಲ್ರಿ, ಕಾಸ್ತಾರ. ಇಲ್ಮೆನೈಟ್ ಅನ್ನೂ ಖನಿಜ ಅದ, ಕೇರಳದ ಸಮುದ್ರದಂಡಿ ಕರಿ ಉಸುಕಿನ್ಯಾಗೂ ಸಿಗ್ತದ, ಚಂದ್ರನ ಕಪ್ಪು ಬಯಲಿನ್ಯಾಗೂ ಅದ. 900-1,000 ಡಿಗ್ರಿಗೆ ಕಾಸಿ ಹೈಡ್ರೋಜನ್ ಹಾಯಿಸಿದ್ರ ನೀರಿನ ಹಬೆ ಬರ್ತದ, ಕಬ್ಬಿಣ ಉಳೀತದ. ಆ ನೀರು ಒಡದ್ರ ಆಮ್ಲಜನಕ ಕೈಗೆ, ಹೈಡ್ರೋಜನ್ ತಿರುಗಿ ಕುಲುಮಿಗೆ. ಆದ್ರ ಹೀಂಗ ಬರೂದು ಇಲ್ಮೆನೈಟ್ ತೂಕದ ಹತ್ತನೇ ಒಂದು ಪಾಲು ಅಷ್ಟ. ಇನ್ನೊಂದು ದಾರಿ, ಪುಡಿನ್ನ 1,600 ಡಿಗ್ರಿ ಆಸುಪಾಸು ಕರಗಿಸಿ ಅದರಾಗ ಕರೆಂಟ್ ಬಿಡೂದು. ಆಮ್ಲಜನಕ ಒಂದು ಕಡೆ, ಲೋಹ ಒಂದು ಕಡೆ. ಎರಡೂ ಇಲ್ಲಿ ಪ್ರಯೋಗಶಾಲೆಯೊಳಗ ಆಗ್ಯಾವ, ಚಂದ್ರನ ಮ್ಯಾಲೆ ಇನ್ನೂ ಆಗಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಪತೀನಿ.

ಮತ್ತ ಕರೆಂಟಿನ ತ್ರಾಸು. ಅಲ್ಲಿ ಒಂದು ರಾತ್ರಿ ಅಂದ್ರ ನಮ್ಮ ಹದಿನಾಕು ದಿನ.

ಟೋಲನಾಕಾ
ಹದಿನಾಕು ದಿನ ಲೋಡ್ ಶೆಡ್ಡಿಂಗ್. ನಮ್ಮ ಮಂದಿಗೆ ರೂಢಿ ಐತಿ, ಅಲ್ಲಿ ನಮ್ಮನ್ನ ಕಳಸ್ರಿ.

ರಾಣೆಬೆನ್ನೂರ_ಸಿವಿಲ್
ಅಣ್ಣಿಗೇರಿ ಸರ್, ಪ್ರದರ್ಶನಕ್ಕ ನನ್ನ ಕಡೆ ಒಂದು ಖಡಕ್ ವಿಷಯ ಐತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತ ಇಸ್ರೋದವರು ಕೂಡಿ 2020ರಾಗ ಚಂದ್ರನ ಅಣಕು ಮಣ್ಣಿನಿಂದ ಇಟ್ಟಂಗಿ ಮಾಡ್ಯಾರ. ಸಿಮೆಂಟ್ ಇಲ್ಲ, ಭಟ್ಟಿ ಇಲ್ಲ. ಸ್ಪೊರೊಸಾರ್ಸಿನಾ ಪ್ಯಾಶ್ಚೂರೀ ಅನ್ನೂ ಒಂದು ಬ್ಯಾಕ್ಟೀರಿಯಾ, ಯೂರಿಯಾ, ಮತ್ತ ಗೋರಿಕಾಯಿ ಬೀಜದ ಅಂಟು. ಬ್ಯಾಕ್ಟೀರಿಯಾ ಯೂರಿಯಾ ತಿಂದು ಕಾರ್ಬೊನೇಟ್ ಬಿಡತೈತಿ, ಅದು ಕ್ಯಾಲ್ಸಿಯಂ ಕೂಡಿ ಸುಣ್ಣದ ಹಳ್ಳಿನಂಗ ಕಣಕಣಾ ಹಿಡಕೊಂಡು ಗಟ್ಟಿ ಆಗತೈತಿ. ಯೂರಿಯಾ ಎಲ್ಲಿಂದ? ಗಗನಯಾತ್ರಿಗಳ ಮೂತ್ರದಿಂದ!

ಗೋರಿಕಾಯಿ ಅಂದ್ರ ಯಾವುದು ಗೊತ್ತಾತಲ್ಲ? ನಮ್ಮ ಚವಳಿಕಾಯಿ.

ಗದಗ_ಬೆಟಗೇರಿ
ಏನು, ಚವಳಿಕಾಯಿ ಚಂದ್ರಗ ಹೊಂಟೇತಿ?!

ಬ್ಯಾಡಗಿ_ಖಾರ
ಯೂರಿಯಾ ಅಲ್ಲೂ ಬೇಕಾ? ಇಲ್ಲಿ ಮುಂಗಾರಿಗೆ ಎರಡು ಚೀಲಕ್ಕ ಮುಂಜಾನೆ ನಾಕಕ್ಕ ಎದ್ದು ಸರತಿ ನಿಂತೀನಿ.

ಕಲಘಟಗಿ_ಅವ್ವ
ಚವಳಿಕಾಯಿಗೆ ಗುರೆಳ್ಳ ಪುಡಿ ಹಾಕಿ ಪಲ್ಯಾ ಮಾಡ್ರಿ, ಇಟ್ಟಂಗಿ ಆಮ್ಯಾಲೆ ಮಾಡೀರಂತ.

ಟೋಲನಾಕಾ
ಗುರೆಳ್ಳಲ್ಲ ಅವ್ವಾರ, ಶೇಂಗಾ ಪುಡಿ.

ಕಲಘಟಗಿ_ಅವ್ವ
ಶೇಂಗಾ ಪುಡಿ ಹಾಕಾವ್ರಿಗೆ ಚವಳಿಕಾಯಿ ರುಚಿನ ಗೊತ್ತಿಲ್ಲ.

ಅಣ್ಣಿಗೇರಿ_ಎರಿಹೊಲ
ದಯವಿಟ್ಟು ಪಲ್ಯಾಕ್ಕ ಬ್ಯಾರೆ ಚರ್ಚೆ ಹಚ್ಚರಿ. ರಾಣೆಬೆನ್ನೂರ ತಮ್ಮಾ, ಬ್ಯಾಕ್ಟೀರಿಯಾ ಮನ್ಯಾಗ ಬೆಳಸೂದು ನಮ್ಮ ಕೈಲೆ ಆಗೂದಿಲ್ಲ. ಬರೇ ಅಂಟಿಲೆ ಆಗ್ತೈತೇನು?

ರಾಣೆಬೆನ್ನೂರ_ಸಿವಿಲ್
ಆಗ್ತೈತ್ರಿ, ತೋರಿಸಾಕ ಸಾಕು. ಹಸೀ ಕಾಯಿ ಬ್ಯಾಡ, ಬಲಿತು ಒಣಗಿದ ಬೀಜಾ ಹಿಟ್ಟ ಮಾಡ್ಸರಿ. ನೀರಾಗ ಕಲಿಸಿದ್ರ ಲೋಳಿ ಆಗ್ತೈತಿ. ಇಲ್ಲಾ ಗೌರ್ ಗಮ್ ಅಂತ ಪುಡೀನ ಸಿಗ್ತೈತಿ, ಐಸ್‌ಕ್ರೀಮಿಗೆ ಹಾಕ್ತಾರ. ಸ್ವಲ್ಪ ಸಾಕು. ಹೆಚ್ಚ ಹಾಕಿದ್ರ ಅಂಬಲಿ ಆದೀತು.

ಮಣ್ಣುಪರೀಕ್ಷೆ_ಅಕ್ಕ
ಒಂದು ಎಚ್ಚರಿಕೆ. ಕ್ರಷರ್ ಪುಡಿಯನ್ನು ಒಣಗಿದ್ದಾಗ ಮಗು ಕೈಯಲ್ಲಿ ಜರಡಿ ಹಿಡಿಸಬೇಡಿ. ಆ ಧೂಳು ಪುಪ್ಪುಸಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಕ್ರಷರಿನಲ್ಲಿ ದುಡಿದವರ ಕೆಮ್ಮು ನೋಡಿದವರಿಗೆ ಗೊತ್ತು. ಮಾಸ್ಕ್ ಹಾಕಿ, ನೀರು ಚಿಮುಕಿಸಿ. 1972ರಲ್ಲಿ ಅಪೊಲೊ-17ರ ಹ್ಯಾರಿಸನ್ ಶ್ಮಿಟ್ ಚಂದ್ರನ ಧೂಳು ಮೂಗಿಗೆ ಹೋಗಿ ಸೀನಿ ಸೀನಿ ಸುಸ್ತಾಗಿದ್ದರು. ಪಟಾಕಿ ಮದ್ದು ಸುಟ್ಟ ವಾಸನೆ ಬರುತ್ತದೆ ಎಂದು ಅಲ್ಲಿಗೆ ಹೋದವರು ಹೇಳಿದ್ದಾರೆ. ಬಟ್ಟೆಗೆ ಮೆತ್ತಿದರೆ ಕೊಡವಿದರೂ ಬಿಡದು, ಉಡುಪಿನ ಸಂದುಗಳನ್ನು ತಿಂದುಹಾಕಿತ್ತು.

ನಿವೃತ್ತ_ಮಾಸ್ತರ
ನಾನು ವಿಜ್ಞಾನದವನಲ್ಲ, ಕನ್ನಡ ಕಲಿಸಿದವನು. ಆದರೂ ಒಂದು ಮಾತು ಹೇಳಬೇಕೆನಿಸಿತು. ನಾವು ಹುಟ್ಟಿದ್ದು ನವಲಗುಂದ ತಾಲೂಕಿನ ಹಳ್ಳಿಯಲ್ಲಿ, ಮಾಳಿಗೆ ಮನೆಯಲ್ಲಿ. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಎಲೆ, ಮೇಲೆ ಒಂದು ಮೊಳ ಮಣ್ಣು. ಮುಂಗಾರು ಬರುವ ಮೊದಲು ಅಪ್ಪ ಸವಳು ಮಣ್ಣು ಹೇರಿಸಿ ತಂದು ಮಾಳಿಗೆ ಮೇಲೆ ಹರವಿಸುತ್ತಿದ್ದ. ಸವಳಿನಲ್ಲಿ ಬೆಳೆ ಬರುವುದಿಲ್ಲ, ಹೊಲಕ್ಕೆ ಅದು ಕೇಡು. ಆದರೆ ಮಾಳಿಗೆಗೆ ಅದೇ ಬೇಕು, ಮಳೆ ಬಿದ್ದ ಕೂಡಲೆ ಮೆತ್ತಿಕೊಂಡು ಸೋರುವುದನ್ನು ನಿಲ್ಲಿಸುತ್ತದೆ. ಹೊರಗೆ ಏಪ್ರಿಲ್ ಬಿಸಿಲು ಸುಡುತ್ತಿದ್ದರೆ ಒಳಗೆ ನಡುಮನೆಯಲ್ಲಿ ತಂಪಾಗಿ ಮಲಗುತ್ತಿದ್ದೆವು. ಆಮೇಲೆ ಆರ್‌ಸಿಸಿ ಹಾಕಿಸಿದೆವು. ಈಗ ಫ್ಯಾನಿನ ಗಾಳಿಯೂ ಬಿಸಿ.

ಬೆಳೆ ಬಾರದ ಮಣ್ಣಿಗೂ ಒಂದು ಕೆಲಸ ಇರುತ್ತದೆ ಎನ್ನುವುದು ನಮ್ಮ ಹಿರಿಯರಿಗೆ ತಿಳಿದಿತ್ತು. ಚಂದ್ರನ ಮೇಲೂ ಮಣ್ಣನ್ನು ಮಾಳಿಗೆಗೆ ಹಾಕುವರೇ?

ರಾತ್ರಿ_ದುರ್ಬೀನು
ಮಾಸ್ತರ್ರ, ಸರಿಯಾದ ಜಾಗಾಕ್ಕ ಕೈ ಇಟ್ರಿ. ಅಲ್ಲಿ ಮಣ್ಣಿನ ಮೊದಲನೇ ಉಪಯೋಗಾನ ಅದು. ಗಾಳಿ ಹೊದಿಕಿ ಇಲ್ಲ, ಕಾಂತದ ಹೊದಿಕಿ ಇಲ್ಲ, ಸೂರ್ಯನಿಂದ ಬಾಹ್ಯಾಕಾಶದಿಂದ ವಿಕಿರಣ ಸೀದಾ ಬಂದು ಬಡೀತದ. ಮನಿ ಮ್ಯಾಲೆ ಒಂದೆರಡು ಮೀಟರ್ ಪುಡಿ ಮುಚ್ಚಿದ್ರ ಅದೂ ತಡೀತದ, ಸಣ್ಣ ಉಲ್ಕೆನೂ ತಡೀತದ. ತಂಪಿನ ಮಾತು ಅಂದ್ರಲ್ಲ? ಚಂದ್ರಯಾನ-3 2023ರ ಆಗಸ್ಟ್ 23ಕ್ಕ ಇಳೀತು. ಅದರ ಲ್ಯಾಂಡರ್ ವಿಕ್ರಮದ ಚಾಸ್ಟೆ ಉಪಕರಣ ಅಲ್ಲಿ ಮಣ್ಣಾಗ ಹತ್ತು ಸೆಂಟಿಮೀಟರ್ ಕಡ್ಡಿ ಇಳಿಸಿ ನೋಡಿತು. ಮ್ಯಾಲೆ 50 ಡಿಗ್ರಿ ದಾಟಿತ್ತು, ಎಂಟು ಸೆಂಟಿಮೀಟರ್ ಕೆಳಗ ಸೊನ್ನೆಗಿಂತ 10 ಡಿಗ್ರಿ ಕೆಳಗ. ನಾಕು ಬೆರಳಿನಷ್ಟು ಮಣ್ಣಿಗೆ 60 ಡಿಗ್ರಿ ವ್ಯತ್ಯಾಸ! ನಿಮ್ಮ ಅಪ್ಪನ ಮಾಳಗಿ ಅದರ ಮುಂದ ಸೋಲತದ.

ನಿವೃತ್ತ_ಮಾಸ್ತರ
ಸೋತರೂ ಸಂತೋಷ.

ರಾಣೆಬೆನ್ನೂರ_ಸಿವಿಲ್
ಇನ್ನೊಂದು. ಅದೇ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಅಲ್ಲೆ ಗಂಧಕ ಇದ್ದದ್ದನ್ನ ಖಚಿತ ಮಾಡ್ತು. ಗಂಧಕ ಕರಗಿಸಿ ಸಿಮೆಂಟಿನಂಗ ಬಳಸೂ ವಿಚಾರ ಭಾಳ ದಿನದಿಂದ ಐತಿ, ನೀರ ಬೇಕಾಗೂದಿಲ್ಲ. ಆದ್ರ ಅದು 115 ಡಿಗ್ರಿ ಆಸುಪಾಸು ಕರಗತೈತಿ, ಚಂದ್ರನ ನಡುಪಟ್ಟಿಯೊಳಗ ಮಧ್ಯಾಹ್ನ 120 ಡಿಗ್ರಿ. ಮಟಮಟ ಮಧ್ಯಾಹ್ನ ಮನಿ ಕರಗಿ ಕುಂತ್ರ?

ಹಾವೇರಿ_ಏಲಕ್ಕಿ
ಬರೇ ಮನೆ, ರಾಕೆಟ್ ಅಂತಿದೀರಿ. ಬೆಳೆ ಬೆಳೆಯೋದಕ್ಕೆ ಆಗುತ್ತಾ? ಅದು ಹೇಳಿ.

ಮಣ್ಣುಪರೀಕ್ಷೆ_ಅಕ್ಕ
2022ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ಅಪೊಲೊ 11, 12, 17ರ ನಿಜವಾದ ಮಣ್ಣಿನಲ್ಲೇ ಅರಾಬಿಡಾಪ್ಸಿಸ್ ಬೀಜ ಹಾಕಿದರು. ಸಾಸಿವೆ ಕುಲದ ಚಿಕ್ಕ ಗಿಡ. ನೀರು, ಪೋಷಕಾಂಶ ಹೊರಗಿನಿಂದ ಕೊಟ್ಟರು. ಎಲ್ಲವೂ ಮೊಳೆತವು, ಅದೇ ದೊಡ್ಡ ಸುದ್ದಿ. ಆಮೇಲೆ ಬೇರು ಕುಂಠಿತವಾಯಿತು, ಎಲೆ ಕೆಂಪಡರಿತು. ಉಪ್ಪಿನ ಮಣ್ಣಿಗೆ ಸಿಕ್ಕ ಗಿಡ ಹೇಗೆ ಸಂಕಟಪಡುತ್ತದೋ ಹಾಗೆ. ಅಪೊಲೊ-11ರ ಮಣ್ಣಿನಲ್ಲಿ ಎಲ್ಲಕ್ಕಿಂತ ಕಷ್ಟಪಟ್ಟವು, ಅದು ಮೇಲ್ಪದರದಲ್ಲಿ ಹೆಚ್ಚು ಕಾಲ ಬಡಿಸಿಕೊಂಡ ಮಣ್ಣು.

ಹಾವೇರಿ_ಏಲಕ್ಕಿ
ಮಂಗಳದಲ್ಲಾದರೆ? ಅಲ್ಲಿ ಕೆಂಪು ಮಣ್ಣಿದೆ, ನಮ್ಮ ಮಸಾರಿ ಥರ ಕಾಣುತ್ತೆ.

ಮಣ್ಣುಪರೀಕ್ಷೆ_ಅಕ್ಕ
ಬಣ್ಣ ನೋಡಿ ಮರುಳಾಗಬೇಡಿ. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣ ಕಂಡಿತು. ಥೈರಾಯ್ಡಿಗೆ ಕೆಟ್ಟದ್ದು. ನೀರಿನಲ್ಲಿ ಕರಗುತ್ತದೆ, ತೊಳೆದು ತೆಗೆಯಬಹುದು. ತೊಳೆಯಲು ನೀರೆಲ್ಲಿದೆ ಎಂದು ಮಾತ್ರ ಕೇಳಬೇಡಿ.

ಕರಿಕಲ್ಲು
ತಮಾಷೆ ಎಂದರೆ ಅದೇ ಜಾತಿಯ ಅಮೋನಿಯಂ ಪರ್ಕ್ಲೋರೇಟನ್ನು ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದಲ್ಲಿ ಇಂಧನದ ಜೊತೆ ಸುಡುತ್ತೇವೆ. ಅದರಲ್ಲೂ ಆಮ್ಲಜನಕ ತುಂಬಿದೆ.

ಟೋಲನಾಕಾ
ಮಂಗಳದಾಗ ಆಮ್ಲಜನಕ ಆಗಲೇ ಮಾಡ್ಯಾರಲ್ಲ, ಮಾಕ್ಸಿ ಅಂತ ಡಬ್ಬಿ.

ರಾತ್ರಿ_ದುರ್ಬೀನು
ಹೌದು, ಆದ್ರ ಮಣ್ಣಿಂದ ಅಲ್ಲ, ಅಲ್ಲಿನ ಇಂಗಾಲದ ಡೈಆಕ್ಸೈಡ್ ಗಾಳಿಯಿಂದ. ಪರ್ಸಿವರೆನ್ಸ್ ರೋವರಿನ ಹೊಟ್ಟಿಯೊಳಗ 2021ರಿಂದ 2023ರ ತನಕ 16 ಸಲ ಓಡಿಸಿ ಒಟ್ಟು 122 ಗ್ರಾಂ. ಬ್ಯಾರೆ ಗ್ರಹದ ಸಾಮಾನಿನಿಂದ ಮನುಷ್ಯಾ ಉಪಯೋಗದ ವಸ್ತು ಮಾಡಿದ್ದು ಅದ ಮೊದಲು. ಖಾರದವರು ನಗಬ್ಯಾಡ್ರಿ.

ಬ್ಯಾಡಗಿ_ಖಾರ
ನಗೂದಿಲ್ಲ. ಆದ್ರ ಈಗ ಖರೇ ಪ್ರಶ್ನೆ ಕೇಳ್ತೀನಿ. ಆ ಮಣ್ಣು ಯಾರ್ದು? ಉತಾರ ಯಾರ ಹೆಸರಿಲೆ ಐತಿ?

ಹೈಕೋರ್ಟ್_ಬೆಂಚು
ವಕೀಲಿ ಮಾಡುವವನಾಗಿ ಹೇಳುತ್ತೇನೆ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಚಂದ್ರನನ್ನು ತನ್ನದೆನ್ನುವಂತಿಲ್ಲ. ಅಲ್ಲಿನ ನೆಲ ಯಾರದ್ದೂ ಅಲ್ಲ ಸರಿ, ಅಗೆದು ತೆಗೆದ ಮಣ್ಣು ಯಾರದ್ದು? ಅಲ್ಲಿಂದ ತಕರಾರು ಶುರು. ಅಮೆರಿಕ 2015ರಲ್ಲಿ ಕಾನೂನು ಮಾಡಿ, ತೆಗೆದದ್ದು ತೆಗೆದವನದ್ದು ಎಂದಿತು. 2020ರಲ್ಲಿ ನಾಸಾ ಚಂದ್ರನ ಮಣ್ಣು ಖರೀದಿಗೆ ಟೆಂಡರ್ ಕರೆದಾಗ ಒಂದು ಕಂಪನಿ ಒಂದೇ ಡಾಲರಿಗೆ ಒಪ್ಪಿಕೊಂಡಿತು. ರೊಕ್ಕಕ್ಕಲ್ಲ, ಮಾರಾಟ ಆಗಿದೆ ಎಂಬ ದಾಖಲೆಗೆ. 1979ರ ಚಂದ್ರ ಒಪ್ಪಂದ ಇದು ಇಡೀ ಮನುಕುಲದ ಸೊತ್ತು ಎನ್ನುತ್ತದೆ. ಭಾರತ ಅದಕ್ಕೆ ಸಹಿ ಹಾಕಿದೆ, ಅನುಮೋದಿಸಿಲ್ಲ. 2023ರ ಜೂನಿನಲ್ಲಿ ಅಮೆರಿಕ ಮುಂದೆ ನಿಂತು ಮಾಡಿದ ಆರ್ಟೆಮಿಸ್ ಒಪ್ಪಂದಕ್ಕೂ ಸಹಿ ಹಾಕಿದೆವು, ಅದು ಸಂಪನ್ಮೂಲ ತೆಗೆಯುವುದಕ್ಕೆ ಅಡ್ಡಿಯಿಲ್ಲ ಎನ್ನುತ್ತದೆ. ಎರಡೂ ದೋಣಿಯಲ್ಲಿ ಕಾಲು.

ಗದಗ_ಬೆಟಗೇರಿ
ಇದನ್ನ ಕೇಳಿ ನನಗ ಕಪ್ಪತಗುಡ್ಡ ನೆನಪಾತು. ಗುಡ್ಡದಾಗ ಬಂಗಾರ ಐತಿ, ಕಬ್ಬಿಣ ಐತಿ ಅಂತ ಬಂದಾವ್ರೆಷ್ಟ ಮಂದಿ. ಮಠದ ಅಜ್ಜಾರು, ರೈತರು, ಹುಡುಗ್ರು ಬೀದಿಗಿಳಿದು 2019ರಾಗ ವನ್ಯಜೀವಿ ಧಾಮ ಆತು. ಚಂದ್ರಗ ಬೀದಿಗಿಳಿಯಾಕ ಯಾರದಾರ? ಅಲ್ಲಿ ತೋಳಿಲ್ಲ, ನವಿಲಿಲ್ಲ, ಔಷಧಿ ಗಿಡ ಇಲ್ಲ ಅಂತ ಯಾರೂ ತಕರಾರು ಮಾಡೂದಿಲ್ಲ.

ಹೈಕೋರ್ಟ್_ಬೆಂಚು
ತೋಳ ಇಲ್ಲದಿದ್ದರೂ ಜಗಳಕ್ಕೆ ಸಾಮಗ್ರಿ ಇದೆ. ಮಂಜುಗಡ್ಡೆ ಇರುವುದು ದಕ್ಷಿಣ ಧ್ರುವದ ಬಿಸಿಲು ಕಾಣದ ಕುಳಿಗಳಲ್ಲಿ. ಕುಳಿಗಳು ಕೆಲವೇ, ಬೇಕಾದವರು ಬಹಳ.

ರಾತ್ರಿ_ದುರ್ಬೀನು
2009ರಾಗ ನಾಸಾದವ್ರು ಕೇಬಿಯಸ್ ಅನ್ನೂ ಕುಳಿಗೆ ಖಾಲಿ ರಾಕೆಟ್ ಹಂತ ಡಿಕ್ಕಿ ಹೊಡಿಸಿ ಎದ್ದ ಧೂಳು ನೋಡಿದ್ರು. ಅದರಾಗ ತೂಕದ 100ಕ್ಕ 5-6 ಪಾಲು ನೀರು. ಅದೇ ವರ್ಷ ನಮ್ಮ ಚಂದ್ರಯಾನ-1ರ ಮಾಹಿತಿನೂ ನೀರಿನ ಸುಳಿವು ಕೊಟ್ಟಿತ್ತು. ಬೆಂಚಿನವರು ಹೇಳಿದ್ದು ಖರೆ, ಇದು ಬಾವಿ ಪಾಲಿನ ಜಗಳಾನ ಆಗ್ತದ.

ಬ್ಯಾಡಗಿ_ಖಾರ
ನಮ್ಮಲ್ಲಿ ಅಣ್ಣತಮ್ಮಂದಿರು ಬಾವಿ ಸರತಿಗೆ ಇಪ್ಪತ್ತು ವರ್ಷ ಕೋರ್ಟ್ ಹತ್ಯಾರ. ವಕೀಲರ ಹೊಟ್ಟಿ ತಂಪ.

ಹೈಕೋರ್ಟ್_ಬೆಂಚು
ಮಾನಹಾನಿ ನೋಟಿಸ್ ಬರುತ್ತದೆ ನೋಡಿಕೊಳ್ಳಿ.

ಅಣ್ಣಿಗೇರಿ_ಎರಿಹೊಲ
ಹನ್ನೆರಡು ದಿನ ಆತು, ವರದಿ ಕೊಡ್ತೀನಿ.

ಕ್ರಷರಿನವ್ರು ಪುಡಿ ಸುಮ್ನ ಕೊಟ್ರು, "ಏನ್ ಮಾಡ್ತೀರಿ ಇದನ್ನ?" ಅಂದ್ರು. ಚಂದ್ರನ ಮಣ್ಣು ಅಂದೆ. ಮುಖಾ ನೋಡಿ ಇನ್ನೊಂದು ಚೀಲ ಹೇರಿದ್ರು. ಮಾಸ್ಕ್ ಹಾಕ್ಕೊಂಡ, ನೀರ ಚಿಮಕಿಸಿನ ಮಾಡಿದ್ವಿ ಅಕ್ಕಾರ. ಚವಳಿಕಾಯಿ ಬೀಜದ ಹಿಟ್ಟಿಗೆ ಗಿರಣಿಯಾಂವ ಮೊದಲು ಒಲ್ಲೆ ಅಂದ, ಮುಂದಿನವ್ರ ಜ್ವಾಳದ ಹಿಟ್ಟಿಗೆ ವಾಸನಿ ಹತ್ತೈತಿ ಅಂತ. ಕಡೀಗೆ ರಾತ್ರಿ ಬಾಗಲಾ ಹಾಕೂಮುಂದ ಬೀಸಿಕೊಟ್ಟ.

ಬೆಂಕಿಪೆಟ್ಟಿಗಿ ಅಚ್ಚಿನ್ಯಾಗ ಮೂರು ನಮೂನಿ ಮಾಡಿದ್ಲು. ಎರಿದು ನೆರಳಾಗ ಇಟ್ರೂ ಮೂರನೇ ದಿನಕ್ಕ ನಡುವ ಸೀಳ್ತು. ಬರೇ ಕ್ರಷರ್ ಪುಡಿದು ಅಚ್ಚ ತಗಿಯೂದ್ರಾಗ ಉದುರಿ ಹೋತು. ಅಂಟ ಹಾಕಿದ್ದು ನಿಂತೈತಿ! ಮ್ಯಾಲೆ ಎರಡು ಪಾಟಿಚೀಲ ಇಟ್ರೂ ಅಲುಗಲಿಲ್ಲ. ಆಮ್ಯಾಲೆ ನಮ್ಮ ತಮ್ಮ ಬಂದಾಂವ "ನೋಡೂಣು" ಅಂತ ಒಂದನ್ನ ನೀರಿನ ಬಕೀಟಿಗೆ ಹಾಕಿದ. ಹತ್ತು ನಿಮಿಷದಾಗ ರಾಡಿ. ಮಗಳು ಅಳಾಕ ಹತ್ತಿದ್ಲು.

ರಾಣೆಬೆನ್ನೂರ_ಸಿವಿಲ್
ಅಳಬ್ಯಾಡ ಅನ್ರಿ. ಬ್ಯಾಕ್ಟೀರಿಯಾ ಇದ್ದಿದ್ರ ಸುಣ್ಣ ಕಟ್ಟಿ ಇನ್ನಷ್ಟು ತಡೀತಿತ್ತು, ಬರೇ ಅಂಟು ನೀರಿಗೆ ಕರಗೂದ. ಮತ್ತ ಚಂದ್ರನ್ಯಾಗ ಮಳಿ ಎಲ್ಲೈತಿ?

ಅಣ್ಣಿಗೇರಿ_ಎರಿಹೊಲ
ಅದ ಮಾತು ಅಕಿನೂ ಅಂದ್ಲು, ಅತ್ತು ಮುಗದ ಮ್ಯಾಲೆ. "ಕಾಕಾ, ನೀ ಚಂದ್ರಗ ಬಕೀಟ್ ಒಯ್ದಿದ್ರ ಅಷ್ಟ ಇದು ಕರಗತೈತಿ" ಅಂತ. ತಮ್ಮಗ ಮಾತ ಹೊಂಡಲಿಲ್ಲ. ಈಗ ಅಂವಾನ ಅಚ್ಚಿಗೆ ತುಂಬಾಕ ಕುಂತಾನ, ಇನ್ನ ನಲವತ್ತು ಇಟ್ಟಂಗಿ ಬೇಕಾಗ್ಯಾವ. ಮಾಸ್ತರ್ರು ಹೇಳಿದಂಗ ಮನಿ ಮ್ಯಾಲೆ ಪುಡಿ ಮುಚ್ಚಿ ಮಾಳಗಿ ಮಾಡೂದು ಅಂತ ಠರಾವ್ ಆಗೇತಿ. ಒಳಗ ಒಂದು, ಹೊರಗ ಒಂದು ಥರ್ಮಾಮೀಟರ್ ಇಡತಾಳಂತ.

ನಿವೃತ್ತ_ಮಾಸ್ತರ
ಮಾಳಿಗೆಗೆ ಒಂದು ಬೆಳಕಿಂಡಿ ಬಿಡಲು ಹೇಳಿ.

ರಾತ್ರಿ_ದುರ್ಬೀನು
ಬೆಳಕಿಂಡಿಯೊಳಗಿಂದ ವಿಕಿರಣ ಬರ್ತದ ಮಾಸ್ತರ್ರ.

ನಿವೃತ್ತ_ಮಾಸ್ತರ
ಹಾಗಾದರೆ ಒಲೆಯ ಹೊಗೆ ಎಲ್ಲಿ ಹೋಗಬೇಕು?

ಕಲಘಟಗಿ_ಅವ್ವ
ಉಳದ ಚವಳಿಕಾಯಿ ಬೀಜಾ ಏನ್ ಮಾಡಿದ್ರಿ? ಆಷಾಢ ಕಳದ ಮ್ಯಾಲೆ ಹಿತ್ತಲದಾಗ ಊರ್ರಿ.